ಬಿಪಿ ಸರಿಯಿದ್ದರೆ ರೋಗಿ ಸರಿಯಿದ್ದಾರೆ ಅಂತಲಾ?

"ಮುಂದಿನ ತಿಂಗಳು ಎಮರ್ಜೆನ್ಸಿಗೆ ನರ್ಸ್ ಡ್ಯೂಟಿಗೆ ಹೋಗುತ್ತಿದ್ದೇನೆ, ಆಕ್ಸಿಡೆಂಟ್ ಕೇಸಾಗಲಿ, ಜೋರು ಸೋಂಕಿನ ಕೇಸಾಗಲಿ, ಮೊದಲು ಬಿಪಿ ನೋಡಿದರೆ ಸಾಕಾ?" ಅಂತ ಕೇಳಿದ್ದೀರಿ. ಸಾಲದು. ಎರಡರಲ್ಲೂ ಬಿಪಿ ಬೀಳುವುದು ತಡವಾಗಿ.

ನಾನು ಹೊಸದಾಗಿ ಸೇರಿದ್ದಾಗ ಬೈಕಿನಿಂದ ಬಿದ್ದ ಹುಡುಗನೊಬ್ಬ ಬಂದ. ಚೆನ್ನಾಗಿ ಮಾತಾಡುತ್ತಿದ್ದ, ನೀರು ಕೊಡಿ ಅಂತ ಕೇಳುತ್ತಲೇ ಇದ್ದ. ಬಿಪಿ 118/76. ಸದ್ಯ ಅಂದುಕೊಂಡೆ. ಸೀನಿಯರ್ ಸಿಸ್ಟರ್ ಬಂದು ಅವನ ಕೈ ಹಿಡಿದರು. ತಣ್ಣಗಿತ್ತು, ಬೆವರಿತ್ತು. ಪಲ್ಸ್ 128. ಬೆರಳ ತುದಿಯನ್ನು ಐದು ಸೆಕೆಂಡು ಒತ್ತಿ ಬಿಟ್ಟರು. ಬಿಳಿಚಿದ ಜಾಗಕ್ಕೆ ಮತ್ತೆ ಬಣ್ಣ ಬರಲು ನಾಲ್ಕು ಸೆಕೆಂಡು ಹಿಡಿಯಿತು, ಅಷ್ಟು ಹೊತ್ತು ಹಿಡಿಯಬಾರದು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು! ಹರೆಯದ ಮೈ ಸುಮಾರು 30% ರಕ್ತ ಹೋಗುವವರೆಗೂ ಬಿಪಿಯನ್ನು ಹಿಡಿದಿಟ್ಟುಕೊಳ್ಳಬಹುದು. ಆ ಬಾಯಾರಿಕೆಯೇ ನನಗೆ ಸುಳಿವು ಕೊಡುತ್ತಿತ್ತು, ನನಗೆ ಗೊತ್ತಾಗಲಿಲ್ಲ.

ಹೊರಗೆ ರಕ್ತ ಸುರಿಯುತ್ತಿದ್ದರೆ ಮೊದಲು ಅದನ್ನೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಆಮೇಲೆ ಕತ್ತು ಅಲುಗಾಡದ ಹಾಗೆ ಉಸಿರಿನ ದಾರಿ ನೋಡಿ. ಎರಡು ದಪ್ಪ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕಿ, ರಕ್ತದ ಗುಂಪು ನೋಡಲು ಸ್ಯಾಂಪಲ್ ಕಳಿಸಿ. ಡಾಕ್ಟರು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಬರೆದರೆ ತಡ ಮಾಡಬೇಡಿ, ಅದನ್ನು ಗಾಯವಾದ 3 ಗಂಟೆಯೊಳಗೆ ಕೊಡಬೇಕು. ಬಟ್ಟೆ ಕತ್ತರಿಸಿ ಮೈಯೆಲ್ಲ ನೋಡಿದ ಮೇಲೆ ಬೆಚ್ಚಗೆ ಹೊದಿಸಿ. ಗಡಿಬಿಡಿಯಲ್ಲಿ ಜಾಸ್ತಿ ಮರೆತುಹೋಗುವುದು ಇದೇ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಸೋಂಕು ರಕ್ತಕ್ಕೇರಿದವರಲ್ಲಿ ಉಸಿರು ಎಣಿಸಿ. ಪೂರ್ತಿ ಒಂದು ನಿಮಿಷ, ಎದೆ ನೋಡುತ್ತಾ. ಸುಮ್ನೆ ಅಂದಾಜಿಗೆ 20 ಅಂತ ಬರೆಯುವ ಅಭ್ಯಾಸ ಕೆಟ್ಟದ್ದು, ಯಾಕಂದರೆ 22 ಮುಟ್ಟಿದರೇ ಎಚ್ಚರ ಬೇಕು. ವಯಸ್ಸಾದವರಿಗೆ ಜ್ವರವೇ ಇಲ್ಲದಿರಬಹುದು. ಮಂಕಾಗಿರುತ್ತಾರೆ, ಏನೇನೋ ಮಾತಾಡುತ್ತಾರೆ. ಹೊದಿಕೆ ಸರಿಸಿ ಮೊಣಕಾಲು ನೋಡಿ, ಬಲೆ ಹರಡಿದ ಹಾಗೆ ನೇರಳೆ ಕಲೆಗಳಿದ್ದರೆ ತಕ್ಷಣ ಕೂಗಿ. ಬ್ಲಡ್ ಕಲ್ಚರಿಗೆ (ರಕ್ತದಲ್ಲಿ ಯಾವ ರೋಗಾಣು ಇದೆ ಅಂತ ನೋಡುವ ಪರೀಕ್ಷೆಗೆ) ರಕ್ತ ತೆಗೆಯುವುದು ಮೊದಲು, ಆಂಟಿಬಯಾಟಿಕ್ ಆಮೇಲೆ. ಆದರೆ ಕಲ್ಚರಿಗಾಗಿ ಔಷಧಿ ನಿಲ್ಲಿಸಿಕೊಂಡು ಕೂರಬೇಡಿ. ಶಾಕಿನಲ್ಲಿದ್ದವರಿಗೆ (ಅಂಗಗಳಿಗೆ ರಕ್ತ ಸಾಲದೆ ಕುಸಿಯುತ್ತಿರುವವರಿಗೆ) ಆ ಔಷಧಿ ಒಂದು ಗಂಟೆಯೊಳಗೆ ಹೋಗಲೇಬೇಕು. ಗಂಟೆಗಂಟೆಗೂ ಮೂತ್ರ ಅಳೆಯಿರಿ. 60 ಕಿಲೋ ತೂಕದವರಿಗೆ ಗಂಟೆಗೆ 30 ಎಂಎಲ್‌ಗಿಂತ ಕಮ್ಮಿಯಾದರೆ ಹೇಳಿ.

ಮಾಸ್ಕ್, ಗ್ಲೌಸ್ ಹಾಕಿಕೊಳ್ಳದೆ ಓಡಬೇಡಿ. ಆ ಹತ್ತಾರು ಸೆಕೆಂಡು ನಿಮ್ಮನ್ನೂ ಕಾಯುತ್ತೆ, ಪಕ್ಕದ ಬೆಡ್ಡಿನವರನ್ನೂ ಕಾಯುತ್ತೆ, ಅಲ್ವಾ?

ಡಾಕ್ಟರನ್ನು ಕರೆಯುವಾಗ "ಯಾಕೋ ಸರಿಯಿಲ್ಲ ಅನ್ನಿಸುತ್ತೆ" ಅಂತ ನಿಲ್ಲಿಸಬೇಡಿ. ಅವತ್ತು ಸಿಸ್ಟರ್ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಪಲ್ಸ್ 128, ಉಸಿರು 28, ಕೈ ತಣ್ಣಗಿದೆ, ಹೊಟ್ಟೆ ಬಿಗಿಯಾಗಿದೆ. ಈಗಲೇ ಬನ್ನಿ." ಡಾಕ್ಟರು ಓಡಿ ಬಂದರು.