ಕರಿಮದ್ದಿನ ರಿವಾಲ್ವರ್‌ನಲ್ಲಿ ಗುರಿ

ಪ್ರಶ್ನೆ: ಟೆಕ್ಸಾಸ್‌ನಲ್ಲಿ ನೀವು ಕರಿಮದ್ದಿನ ರಿವಾಲ್ವರ್‌ನಿಂದ ಗುರಿ ಹೊಡೆಯುತ್ತೀರಂತೆ. ಆರು ಗುಂಡಿಗೆ ಅಷ್ಟು ಹೊತ್ತು ಯಾಕೆ? ಹೊಸ ಪಿಸ್ತೂಲು ಸುಲಭ ಅಲ್ವಾ?

ಉತ್ತರ: ಸುಲಭವೇ. ಆದರೆ ನನಗೆ ಖುಷಿ ಕೊಡುವುದೇ ಆ ನಿಧಾನ. ನನ್ನದು 1851ರ ಕೋಲ್ಟ್ ನೇವಿ ಎಂಬ ಹಳೆಯ ಅಮೆರಿಕನ್ ರಿವಾಲ್ವರ್‌ನ ಪ್ರತಿರೂಪ, ಇಟಲಿಯಲ್ಲಿ ಮಾಡಿದ್ದು. ತಿರುಗುವ ಸಿಲಿಂಡರ್‌ನಲ್ಲಿ ಗುಂಡು ಕೂರುವ ಒಂದೊಂದು ಕೋಣೆಗೂ ಮದ್ದು ಅಳೆದು ಸುರಿದು, ಮೇಲೆ ಸೀಸದ ಗುಂಡಿಟ್ಟು, ಕೆಳಗಿನ ಲಿವರ್‌ನಿಂದ ಒತ್ತಬೇಕು. ಗುಂಡಿನ ಅಂಚಿನಿಂದ ತೆಳ್ಳನೆಯ ಸೀಸದ ಉಂಗುರ ಕತ್ತರಿಸಿ ಬಂತೋ, ಬಿಗಿಯಾಗಿ ಕೂತಿತು ಅಂತ. ಅದನ್ನು ನೋಡುವುದೇ ಒಂದು ಮಜಾ! ಮೇಲೆ ಗ್ರೀಸ್, ಕೊನೆಗೆ ಹಿಂದೆ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಕ್ಯಾಪ್. ಗುರಿ ನೋಡುವ ಕಚ್ಚು ಇರುವುದು ಕ್ಯಾಪ್‌ಗೆ ಬಡಿಯುವ ಹ್ಯಾಮರ್ ಮೇಲೆ, ಅದನ್ನು ಎಳೆದಾಗಲೇ ಕಾಣುತ್ತದೆ. ಹೊಡೆದರೆ ದೀಪಾವಳಿ ಬೀದಿಯಂಥ ಗಂಧಕದ ವಾಸನೆ, ದಟ್ಟ ಬಿಳಿ ಹೊಗೆ. ಅದು ಸರಿದ ಮೇಲೇ ಗುರಿ ಕಾಣುವುದು. ಅವತ್ತೇ ಬಿಸಿನೀರು, ಸೋಪಿನಿಂದ ತೊಳೆದು ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಬೇಗ ತುಕ್ಕು ಹಿಡಿಯುತ್ತದೆ.