ಕತ್ತರಿ, ಅಂಟು, ಕೋನಮಾಪಕ: ‘ಟ್ರಾನ್’ ಚಿತ್ರದ ಬಿಟ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: 1982ರ ‘ಟ್ರಾನ್’ ಸಿನಿಮಾದಲ್ಲಿ ‘ಹೌದು’, ‘ಇಲ್ಲ’ ಎರಡನ್ನೇ ಹೇಳುವ ಬಿಟ್ ಎಂಬ ಪಾತ್ರ ಇದೆಯಲ್ಲ, ಅದರ ಮೂರೂ ರೂಪಗಳನ್ನು ಕಾಗದದಲ್ಲಿ ಮಾಡುವಾಸೆ. ಯಾವುದರಿಂದ ಶುರು ಮಾಡಲಿ? (ಹಾಸನ)

‘ಹೌದು’ ಎನ್ನುವಾಗಿನ ಹಳದಿ ರೂಪದಿಂದ. ಅದು ಅಷ್ಟಫಲಕ: 8 ಸಮಬಾಹು ತ್ರಿಭುಜ, 12 ಅಂಚು, 6 ಮೂಲೆ. ಒಂದು ಸಾಲಿನಲ್ಲಿ 6 ತ್ರಿಭುಜ ಬರೆದು, ಸಾಲಿನ ಮೇಲೊಂದು ಕೆಳಗೊಂದು ಸೇರಿಸಿದರೆ ನಕ್ಷೆ ಮುಗಿಯಿತು. ಅಂಚು 5 ಸೆಂ.ಮೀ. ಇಟ್ಟರೆ ಎ4 ಹಾಳೆಯ ಅರ್ಧದಲ್ಲಿ ಕೂರುತ್ತದೆ. ಅಂಟುಪಟ್ಟಿ ಐದೇ ಸಾಕು: ಮೇಲಿನ ಮತ್ತು ಕೆಳಗಿನ ತ್ರಿಭುಜಗಳಿಗೆ ಎರಡೆರಡು, ಸಾಲಿನ ತುದಿಗೆ ಒಂದು. ಇದರಲ್ಲಿ ಕೈ ಕುದುರಿದ ಮೇಲೆ, ಬಿಟ್ ಸುಮ್ಮನಿರುವಾಗಿನ ನೀಲಿ ರೂಪಕ್ಕೆ ಹೋಗಿ. ಮೂರನ್ನೂ ಪಕ್ಕಪಕ್ಕ ಇಡುವ ಯೋಚನೆಯಿದ್ದರೆ ಅಂಚು 10 ಸೆಂ.ಮೀ. ಬೇಕಾಗುತ್ತದೆ. ಆಗ ನಾಲ್ಕು ನಾಲ್ಕು ತ್ರಿಭುಜಗಳ ಎರಡು ತುಂಡು ಮಾಡಿಕೊಳ್ಳಿ.

ಪ್ರಶ್ನೆ: ಬಿಟ್ ಸುಮ್ಮನಿರುವಾಗಿನ ನೀಲಿ ರೂಪ ಮಾಡಲು ಮೊದಲು ಒಳಗಿನ ಗೋಳದಂಥ ಆಕಾರ ಕಟ್ಟಿ, ಅದರ ಮೇಲೆ ಪಿರಮಿಡ್ಡುಗಳನ್ನು ಅಂಟಿಸಿದೆ. ಬುಡದಲ್ಲೆಲ್ಲ ಬಿಳಿ ಸಂದು ಕಾಣುತ್ತಿದೆ. (ಮೈಸೂರು)

ಒಳಗಿನ ಆಕಾರ ಬೇಡವೇ ಬೇಡ. ಪಿರಮಿಡ್ಡುಗಳನ್ನು ಒಂದಕ್ಕೊಂದು ನೇರವಾಗಿ ಬೆಸೆಯಬೇಕು, ಒಳಗೆ ಟೊಳ್ಳೇ ಇರಲಿ.

ಆ ರೂಪ ದ್ವಾದಶಫಲಕ (12 ಪಂಚಭುಜ ಮುಖಗಳದ್ದು) ಮತ್ತು ವಿಂಶತಿಫಲಕ (20 ತ್ರಿಭುಜ ಮುಖಗಳದ್ದು) ಒಂದರೊಳಗೊಂದು ಹೊಕ್ಕ ಹೆಣಿಗೆ. ಹೊರಗೆ ಕಾಣುವುದು 12 ಪಂಚಭುಜದ ಪಿರಮಿಡ್ಡು, 20 ತ್ರಿಭುಜದ ಪಿರಮಿಡ್ಡು. ಒಟ್ಟು 120 ತ್ರಿಭುಜ. ಎರಡೇ ಮಾತು ಬಲ್ಲ ಪಾತ್ರಕ್ಕೆ ಇಷ್ಟೊಂದು ಬೇಕಿತ್ತೇ ಎನ್ನಬಹುದು! ಬುಡದ ಅಂಚು ಎಲ್ಲಕ್ಕೂ ಒಂದೇ, 4 ಸೆಂ.ಮೀ. ಎಂದಿಟ್ಟುಕೊಳ್ಳಿ.

ಪಂಚಭುಜದ ಪಿರಮಿಡ್ಡಿಗೆ 4 ಸೆಂ.ಮೀ. ಬಾಹುವಿನ ಐದು ಸಮಬಾಹು ತ್ರಿಭುಜಗಳು ಒಂದೇ ಶೃಂಗದ ಸುತ್ತ. ಕೈವಾರದಲ್ಲಿ 4 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು ಆರು ಭಾಗ ಮಾಡಿ. ಐದನ್ನು ಇಟ್ಟುಕೊಂಡು, ಆರನೆಯದರಲ್ಲಿ ಅಂಟುಪಟ್ಟಿಯಷ್ಟು ಬಿಟ್ಟು ಉಳಿದದ್ದನ್ನು ಕತ್ತರಿಸಿ. ತ್ರಿಭುಜದ ಪಿರಮಿಡ್ಡಿಗೆ ವೃತ್ತದ ತ್ರಿಜ್ಯ 2.47 ಸೆಂ.ಮೀ., ಕೇಂದ್ರದಲ್ಲಿ 108 ಡಿಗ್ರಿಯ ಮೂರು ತ್ರಿಭುಜ. ಉಳಿಯುವ 36 ಡಿಗ್ರಿಯಲ್ಲಿ ಅಂಟುಪಟ್ಟಿ. ಈ ತ್ರಿಭುಜದ ಬುಡ 4 ಸೆಂ.ಮೀ. ಬಂತೇ ಎಂದು ಸ್ಕೇಲ್ ಇಟ್ಟು ನೋಡಿ. ಬರದಿದ್ದರೆ ಕೈವಾರ ಜರುಗಿದೆ ಎಂದೇ ಅರ್ಥ.

ಇಲ್ಲಿ ಪ್ರತಿ ಸೇರುವೆಯೂ ಪಂಚಭುಜದ ಬುಡಕ್ಕೂ ತ್ರಿಭುಜದ ಬುಡಕ್ಕೂ ನಡುವೆ. ಒಂದೇ ಜಾತಿಯ ಎರಡು ಎಲ್ಲೂ ಅಂಚಿಗೆ ಅಂಚು ಸೇರುವುದಿಲ್ಲ. ಹಾಗಾಗಿ ಬುಡದ ಅಂಟುಪಟ್ಟಿ ತ್ರಿಭುಜದ ಪಿರಮಿಡ್ಡುಗಳಿಗೆ ಮಾತ್ರ ಇರಲಿ, 5 ಮಿ.ಮೀ. ಅಗಲ, ಮೂಲೆ ಓರೆ ಕತ್ತರಿಸಿ. 20ಕ್ಕೆ ಮೂರರಂತೆ 60 ಪಟ್ಟಿ, 60 ಸೇರುವೆ, ಲೆಕ್ಕ ಸರಿಹೋಯಿತು.

ಬಹಳ ಮಂದಿ ಎಡವುವುದು ಪಟ್ಟಿ ಮಡಿಸುವಲ್ಲಿ. ಎರಡು ಪಿರಮಿಡ್ಡು ಕೂಡುವ ಜಾಗ ಕಣಿವೆ, ಏಣಲ್ಲ. ಹೊರಗಿನಿಂದ ಅಳೆದರೆ ಅಲ್ಲಿ ಸುಮಾರು 142.6 ಡಿಗ್ರಿ. ಆದ್ದರಿಂದ ಪಟ್ಟಿಯನ್ನು ಬಣ್ಣದ ಮೈಯ ಕಡೆಗೆ ಸುಮಾರು 37 ಡಿಗ್ರಿಯಷ್ಟೇ ಎತ್ತಬೇಕು. ಅಭ್ಯಾಸಬಲದಿಂದ ಒಳಕ್ಕೆ ಮಡಿಸಿದರೆ ಅಂಟು ಒಣಗುವಷ್ಟರಲ್ಲಿ ಪಟ್ಟಿ ಕಿತ್ತುಕೊಂಡು ಬಂದು, ನೀವು ಹೇಳಿದಂಥದೇ ಬಿಳಿ ಗೆರೆ ಬಾಯಿಬಿಡುತ್ತದೆ. ಖಾಲಿ ರೀಫಿಲ್ಲಿನ ಬಾಲ್‌ಪೆನ್ನಿನಿಂದ ಮಡಿಕೆಗೆರೆ ಒತ್ತುವಾಗ ತಗ್ಗು ಯಾವಾಗಲೂ ಮಡಿಕೆಯ ಹೊರಮೈಗೆ ಬರಲಿ: ಏಣುಗಳಿಗೆ ಬಣ್ಣದ ಕಡೆಯಿಂದ, ಈ ಪಟ್ಟಿಗಳಿಗೆ ಹಿಂಬದಿಯಿಂದ.

ಒಂದು ಪಂಚಭುಜದ ಪಿರಮಿಡ್ಡು ಹಿಡಿದು ಸುತ್ತ ಐದು ತ್ರಿಭುಜದವನ್ನು ಸೇರಿಸಿ, ಆಮೇಲೆ ಸಂದುಗಳಲ್ಲಿ ಮುಂದಿನ ಐದು ಪಂಚಭುಜದವು, ಹೀಗೇ ಹೊರಕ್ಕೆ ಬೆಳೆಸಿ. ನಾಲ್ಕು ಎ4 ಹಾಳೆ ಸಾಕು. ಮುಗಿದದ್ದು ತುದಿಯಿಂದ ತುದಿಗೆ ಸುಮಾರು 15 ಸೆಂ.ಮೀ.

ಪ್ರಶ್ನೆ: 31 ಪಿರಮಿಡ್ಡು ಚೆನ್ನಾಗಿ ಕೂತವು. ಕೊನೆಯದು ತೂತಿನಲ್ಲಿ ಕೂರುತ್ತಿಲ್ಲ. (ಶಿವಮೊಗ್ಗ)

ಗೆರೆಯ ಹೊರಗೆ ಕತ್ತರಿಸಿರುತ್ತೀರಿ. ಒಂದು ಜಾತಿಯ ಬುಡ 4 ಸೆಂ.ಮೀ., ಇನ್ನೊಂದರದು 4.1 ಆದರೆ ಒಂದೊಂದು ಸೇರುವೆಯಲ್ಲಿ ಗೊತ್ತೇ ಆಗುವುದಿಲ್ಲ, ತಪ್ಪೆಲ್ಲ ಕೂಡಿಕೊಂಡು ಕೊನೆಯ ತೂತಿಗೆ ಬಂದು ನಿಲ್ಲುತ್ತದೆ. ಮುಂದಿನ ಸಲ ಎರಡೂ ಜಾತಿಯ ಒಂದೊಂದನ್ನು ಕತ್ತರಿಸಿ, ಬುಡಕ್ಕೆ ಬುಡ ಹಿಡಿದು ನೋಡಿ, ಆಮೇಲೆ ಉಳಿದವನ್ನು ಕತ್ತರಿಸಿ. ಈಗಿನದಕ್ಕೆ ತೂತನ್ನೇ ಅಳೆದು ಕೊನೆಯ ಪಿರಮಿಡ್ಡನ್ನು ಹೊಸದಾಗಿ ಮಾಡುವುದು ಜಾಣತನ.

ಕೊನೆಗೆ ಉಳಿಸುವುದು ಪಂಚಭುಜದ್ದಾಗಿರಲಿ. ತೂತಿನ ಸುತ್ತ ಐದು ಪಟ್ಟಿಗಳು ಒಳಗೆ ಚಾಚಿರುತ್ತವೆ, ಮುಚ್ಚಳ ಅವುಗಳ ಮೇಲೆ ಕೂರುತ್ತದೆ. ಒಳಗಿನಿಂದ ಬೆರಳು ಕೊಡಲಾಗದ ಕಾರಣ ಆ ಐದು ಪಟ್ಟಿಗಳ ಹಿಂದೆ ಮೊದಲೇ ಇನ್ನೊಂದು ಪದರ ಕಾರ್ಡ್ ಅಂಟಿಸಿ ಬಿರುಸು ಮಾಡಿಕೊಳ್ಳಿ.

ಪ್ರಶ್ನೆ: ‘ಇಲ್ಲ’ ಎನ್ನುವ ಕೆಂಪು ಮುಳ್ಳಿನ ರೂಪ ಮಾಡಿದೆ, ಆದರೆ ತುದಿಗಳು ಮೊಂಡು. (ಕಲಬುರಗಿ)

ಅಂಟುಪಟ್ಟಿ ತುದಿಯವರೆಗೂ ಹೋಗಿರಬೇಕು. ಅಲ್ಲಿ ಕಾರ್ಡ್ ಎರಡು ಪದರವಾಗಿ ಮಡಿಕೆ ಕೂರುವುದಿಲ್ಲ. ತುದಿಗೆ 8 ಮಿ.ಮೀ. ಇರುವಾಗಲೇ ಪಟ್ಟಿ ನಿಲ್ಲಿಸಿ, ಓರೆಯಾಗಿ ಸಣ್ಣದಾಗಿಸಿ. ಮುಳ್ಳು ಚೂಪಾಗಲು ಚದರ ಮೀಟರಿಗೆ 160 ಗ್ರಾಂ ತೂಗುವ ಕಾರ್ಡ್, ಅಂದರೆ 160 ಜಿಎಸ್‌ಎಂ ಸಾಕು, ನೀಲಿಗೆ 200ರ ಹತ್ತಿರದ್ದು ಒಳ್ಳೆಯದು. 300 ಜಿಎಸ್‌ಎಂ ಎರಡಕ್ಕೂ ಬೇಡ, ಮಡಿಕೆಯಲ್ಲಿ ಬಿರಿಯುತ್ತದೆ.

ಸಿನಿಮಾದ ಮುಳ್ಳಿಗೆ ತದ್ರೂಪವಾಗದಿದ್ದರೂ ಕಾಗದಕ್ಕೆ ಒಗ್ಗುವ ಸುಲಭದ ಆಕಾರ ಒಂದಿದೆ: ವಿಂಶತಿಫಲಕದ 20 ಮುಖಗಳ ಮೇಲೂ ಒಂದೊಂದು ಮುಳ್ಳು. ಮುಳ್ಳೊಂದಕ್ಕೆ ಮೂರು ತ್ರಿಭುಜ. ಬುಡ 3 ಸೆಂ.ಮೀ., ಉದ್ದದ ಬಾಹು 4.85 ಸೆಂ.ಮೀ., ತುದಿಯಲ್ಲಿ 36 ಡಿಗ್ರಿ. ಐದು ಮುಳ್ಳುಗಳನ್ನು ಉಂಗುರ ಮಾಡಿಕೊಂಡು ಅಲ್ಲಿಂದ ಮುಂದುವರಿಸಿ. ಇಲ್ಲಿಯೂ ಬುಡಗಳ ನಡುವೆ ಕಣಿವೆಯೇ, ನೀಲಿಯದಕ್ಕಿಂತ ಎಷ್ಟೋ ಕಡಿದು. ಕೊನೆಕೊನೆಗೆ ಬೆರಳು ತೂರದು; ಚಿಮಟ ಹತ್ತಿರವಿರಲಿ.

ಪ್ರಶ್ನೆ: ಫೆವಿಕಾಲ್ ಹಚ್ಚಿದರೆ ಮುಖಗಳು ಸೊಟ್ಟಗಾಗುತ್ತವೆ. ಬೇರೆ ಅಂಟು? (ಪುಣೆ)

ಬೇರೆ ಬೇಡ, ಫೆವಿಕಾಲೇ ಸಾಕು, ಕಡಿಮೆ ಹಚ್ಚಿ. ಅದರಲ್ಲಿರುವ ನೀರನ್ನು ಕಾಗದ ಹೀರಿ ಉಬ್ಬುತ್ತದೆ. ಬೆಂಕಿಕಡ್ಡಿಯ ತುದಿಯಲ್ಲಿ ತೆಗೆದು ಪಟ್ಟಿಯ ಮೇಲೆ ತೆಳ್ಳಗೆ ಎಳೆದು, ಅರ್ಧ ನಿಮಿಷ ಬಿಟ್ಟು, ಆಮೇಲೆ ಒತ್ತಿ.