ಅಡ್ಡಹೆಸರಿಲ್ಲದ ಮಂಜುನಾಥ

ಪ್ರಶ್ನೆ: ತೊಗರಿ ಬೆಳೆ ಬಗ್ಗೆ ಬರೆದ ನನ್ನ ಲೇಖನವನ್ನು ಜರ್ನಲ್‌ನವರು ವಾಪಸ್ ಕಳಿಸಿದ್ದಾರೆ. ಆಕರಪಟ್ಟಿ ಎಪಿಎ (ಆಕರ ಬರೆಯುವ ಒಂದು ಶೈಲಿ) 7ನೇ ಆವೃತ್ತಿಯಂತೆ ಇಲ್ಲವಂತೆ. ಪಟ್ಟಿ ಜೊತೆಗಿಟ್ಟಿದ್ದೇನೆ. ಏನು ಮಾಡಲಿ ಸರ್?
– ಸಂಶೋಧನಾ ವಿದ್ಯಾರ್ಥಿನಿ, ಸೇಡಂ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ ತಂಗಿ. ಕಲಬುರಗಿಯ ಕಾಲೇಜು ಲೈಬ್ರರಿಯಲ್ಲಿ ಇಂಥ ಪಟ್ಟಿ ತಿದ್ದುತ್ತಲೇ ನನ್ನ ತಲೆ ಬೆಳ್ಳಗಾಗಿದೆ.

ಪುಸ್ತಕಗಳ ಮುಂದೆ ಧಾರವಾಡ, ಬೆಂಗಳೂರು ಅಂತ ಊರು ಹಾಕಿದ್ದೀರಿ. ಅದು 6ನೇ ಆವೃತ್ತಿಯ ರೂಢಿ. 2019ರಲ್ಲಿ ಬಂದ 7ರಲ್ಲಿ ಪ್ರಕಾಶಕರ ಹೆಸರಷ್ಟೇ ಸಾಕು. ಮೂರು ಅಥವಾ ಜಾಸ್ತಿ ಲೇಖಕರಿದ್ದರೆ ಬರಹದೊಳಗೆ ಮೊದಲ ಸಲವೇ 'ಮತ್ತು ಇತರರು' ಎನ್ನಬಹುದು. ಪಟ್ಟಿಯಲ್ಲಿ ಮಾತ್ರ 20 ಜನರ ತನಕ ಎಲ್ಲರೂ ಬರಬೇಕು.

ನಿಜವಾದ ಗೋಜಲು ಹೆಸರಿನದು. ನಮ್ಮ ಕಡೆ ಪಾಟೀಲ, ಹಿರೇಮಠ ಅಂತ ಅಡ್ಡಹೆಸರು ಕೊನೆಗಿರುತ್ತದೆ. ಅದನ್ನು ಮುಂದೆ ತಂದರಾಯಿತು. ಮೈಸೂರು ಕಡೆಯ 'ಮಂಜುನಾಥ ಕೆ.ಆರ್.'ಗೆ ಅಡ್ಡಹೆಸರೇ ಇಲ್ಲ, ಅಲ್ವಾ? ನಿಮ್ಮ ಪಟ್ಟಿಯಲ್ಲಿ ಅವರು 'ಕೆ.ಆರ್., ಮ.' ಆಗಿ ಕೂತಿದ್ದಾರೆ! ಸಾಫ್ಟ್‌ವೇರ್ ಮಾಡಿದ ಕೆಲಸ. ಆಕರಪಟ್ಟಿ ಜೋಡಿಸುವ ಝೊಟೆರೊ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಬಳಸಿ. ಆದರೆ ಹೆಸರಿನ ಎರಡೂ ಖಾನೆ ನೀವೇ ತುಂಬಿ: ಅಡ್ಡಹೆಸರಿನ ಖಾನೆಗೆ 'ಮಂಜುನಾಥ', ಇನ್ನೊಂದಕ್ಕೆ 'ಕೆ.ಆರ್.' ಡಿಒಐ (ಲೇಖನಕ್ಕೆ ಕೊಡುವ ಕಾಯಂ ಡಿಜಿಟಲ್ ಗುರುತು) ಇದ್ದರೆ ಪೂರ್ತಿ ಲಿಂಕ್ ಹಾಕಿ, ಅದರ ಕೊನೆಗೆ ಚುಕ್ಕೆ ಬೇಡ.